ಕಿಟಕಿಯಾಚೆಯ ಆಲದ ಮರ

ಮಕ್ಕಳೇ, ಶಾಲೆಯಲ್ಲಿ ನೀವು ದಿನವೂ ರಾಷ್ಟ್ರಗೀತೆ ಹಾಡುತ್ತೀರಿ. ಅದನ್ನು ಬರೆದವರು ರವೀಂದ್ರನಾಥ ಠಾಗೋರರು ಎಂಬುದು ನಿಮಗೆ ಗೊತ್ತೇ ಇದೆ. ಉದ್ದನೆಯ ಬಿಳಿ ಗಡ್ಡ, ಕಾಲಿನವರೆಗೆ ಇಳಿಬಿದ್ದ ನಿಲುವಂಗಿ. ಅವರ ಚಿತ್ರ ನಿಮ್ಮ ತರಗತಿಯ ಗೋಡೆಯ ಮೇಲೂ ಇರಬಹುದು. ಆ ಚಿತ್ರವನ್ನು ನೋಡಿದರೆ ಅವರು ಹುಟ್ಟುವಾಗಲೇ ಅಜ್ಜನಾಗಿದ್ದರೇನೋ ಎನಿಸುತ್ತದೆ. ಆದರೆ ಅವರೂ ಒಮ್ಮೆ ನಿಮ್ಮಂತೆ ಚಿಕ್ಕ ಹುಡುಗರಾಗಿದ್ದವರೇ. ಅದೂ ಶಾಲೆಯೆಂದರೆ ಮುಖ ಸಣ್ಣದು ಮಾಡುತ್ತಿದ್ದ ಹುಡುಗ! ಆ ಹುಡುಗ ದೊಡ್ಡವನಾಗಿ ತಾನೇ ಒಂದು ಶಾಲೆಯನ್ನು ತೆರೆದದ್ದು ಹೇಗೆ? ಬನ್ನಿ, ಓದೋಣ.

ಮನೆಯವರು ಅವನನ್ನು ರವಿ ಎಂದು ಕರೆಯುತ್ತಿದ್ದರು. ಅವನು ಹುಟ್ಟಿದ್ದು 1861ನೆಯ ಇಸವಿ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೊ ಎಂಬಲ್ಲಿ. ತಂದೆ ದೇವೇಂದ್ರನಾಥರು, ತಾಯಿ ಶಾರದಾದೇವಿ. ಬಹಳ ದೊಡ್ಡ ಮನೆ. ಮನೆ ತುಂಬ ಅಣ್ಣಂದಿರು, ಅಕ್ಕಂದಿರು, ಅತ್ತಿಗೆಯರು, ಆಳುಕಾಳುಗಳು. ತಂದೆ ಹೆಚ್ಚಾಗಿ ಪ್ರವಾಸದಲ್ಲಿರುತ್ತಿದ್ದರು. ಹಾಗಾಗಿ ಕಿರಿಯ ಮಗ ರವಿಯನ್ನು ನೋಡಿಕೊಳ್ಳುವ ಕೆಲಸ ಆಳುಗಳದಾಗಿತ್ತು.

ಅವರಲ್ಲಿ ಒಬ್ಬ ಆಳು ಬಹಳ ಜಾಣ. ಹುಡುಗನ ಹಿಂದೆ ಓಡಾಡುವ ಕಷ್ಟ ಏಕೆಂದು ಅವನೊಂದು ಉಪಾಯ ಹುಡುಕಿದ್ದ. ರವಿಯನ್ನು ಕೋಣೆಯಲ್ಲಿ ಒಂದು ಕಡೆ ಕೂರಿಸಿ ಅವನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಗೆರೆ ದಾಟಿದರೆ ಅಪಾಯ ತಪ್ಪದು ಎಂದು ಬೆರಳೆತ್ತಿ ಹೆದರಿಸಿ ತನ್ನ ಪಾಡಿಗೆ ಹೊರಟುಹೋಗುತ್ತಿದ್ದ. ಲಕ್ಷ್ಮಣ ಎಳೆದ ಗೆರೆಯನ್ನು ದಾಟಿದ ಸೀತೆಗೆ ಏನಾಯಿತು ಎಂಬ ಕಥೆ ರವಿಗೆ ಗೊತ್ತಿತ್ತು. ಆದ್ದರಿಂದ ಅವನು ಅಲುಗಾಡದೆ ಕೂತಿರುತ್ತಿದ್ದ.

ಅವನ ಅದೃಷ್ಟಕ್ಕೆ ಗೆರೆಯ ಪಕ್ಕದಲ್ಲೇ ಒಂದು ಕಿಟಕಿ ಇತ್ತು. ಕಿಟಕಿಯ ಕೆಳಗೆ ಮೆಟ್ಟಿಲು ಕಟ್ಟಿದ ಒಂದು ಕೆರೆ. ಕೆರೆಯ ಒಂದು ದಡದಲ್ಲಿ ದೊಡ್ಡ ಆಲದ ಮರ, ಇನ್ನೊಂದು ಕಡೆ ತೆಂಗಿನ ಮರಗಳ ಸಾಲು. ಬೆಳಗಾದರೆ ನೆರೆಹೊರೆಯವರು ಒಬ್ಬೊಬ್ಬರಾಗಿ ಸ್ನಾನಕ್ಕೆ ಬರುತ್ತಿದ್ದರು. ಒಬ್ಬರು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಲೆಕ್ಕ ಮಾಡಿ ಮುಳುಗುವವರು. ಇನ್ನೊಬ್ಬರಿಗೆ ಮುಳುಗಲು ಭಯ, ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಹಿಂಡಿಕೊಂಡರೆ ಸ್ನಾನ ಮುಗಿಯಿತು. ಮತ್ತೊಬ್ಬರು ಮೇಲಿನ ಮೆಟ್ಟಿಲಿನಿಂದಲೇ ದುಡುಮ್ಮೆಂದು ಹಾರುವವರು. ಮಧ್ಯಾಹ್ನವಾದರೆ ಎಲ್ಲರೂ ಹೋಗಿ ಬಾತುಕೋಳಿಗಳು ಮಾತ್ರ ಉಳಿಯುತ್ತಿದ್ದವು. ಆಗ ರವಿಯ ಕಣ್ಣು ಆಲದ ಮರದ ಕಡೆಗೆ ಹೊರಳುತ್ತಿತ್ತು. ಇಳಿಬಿದ್ದ ಬಿಳಲುಗಳ ನಡುವಿನ ಕತ್ತಲೆಯಲ್ಲಿ ಏನೋ ಇದೆ, ಯಾರೋ ಇದ್ದಾರೆ ಎಂದು ಅವನು ಗಂಟೆಗಟ್ಟಲೆ ನೋಡುತ್ತಿದ್ದ. ಅಲ್ಲಿಗೆ ಹೋಗಿ ಮುಟ್ಟಿ ನೋಡುವಂತಿಲ್ಲ. ನೋಡಬಹುದು, ಅಷ್ಟೇ.

ಒಮ್ಮೆ ಅವನು ಜಗಲಿಯ ಮೂಲೆಯ ಧೂಳಿನಲ್ಲಿ ಒಂದು ಸೀತಾಫಲದ ಬೀಜವನ್ನು ಊರಿದ. ದಿನವೂ ನೀರು ಹಾಕಿದ. ಇದು ನಿಜವಾಗಿಯೂ ಗಿಡವಾಗುವುದೇ ಎಂದು ಯೋಚಿಸುವಾಗಲೇ ಅವನ ಮೈ ಪುಳಕಗೊಳ್ಳುತ್ತಿತ್ತು. ಕಾಡನ್ನೇ ನೋಡದ ಆ ಹುಡುಗನಿಗೆ ಆ ಒಂದು ಬೀಜವೇ ಕಾಡು.

ಇನ್ನು ಶಾಲೆಯ ಸಂಗತಿ. ಅಣ್ಣ ಮತ್ತು ಅಕ್ಕನ ಮಗ ಗಾಡಿಯಲ್ಲಿ ಕೂತು ಶಾಲೆಗೆ ಹೊರಟಾಗ ತಾನೂ ಹೋಗಬೇಕೆಂದು ರವಿ ಅತ್ತು ಹಟ ಮಾಡಿದ. ಮನೆಪಾಠದ ಮೇಷ್ಟ್ರು ಅವನಿಗೆ ಒಂದು ಏಟು ಕೊಟ್ಟು, ಈಗ ಹೋಗಬೇಕೆಂದು ಅಳುತ್ತೀಯೆ, ಮುಂದೆ ಬಿಟ್ಟರೆ ಸಾಕೆಂದು ಇದಕ್ಕಿಂತ ಹೆಚ್ಚು ಅಳುತ್ತೀಯೆ ಎಂದು ಎಚ್ಚರಿಸಿದರು. ಆ ಮಾತು ಸುಳ್ಳಾಗಲಿಲ್ಲ. ನಾಲ್ಕು ಗೋಡೆ, ಬೆತ್ತ, ಬಾಯಿಪಾಠ. ಒಂದು ಶಾಲೆಯಲ್ಲಿ ಮಕ್ಕಳೆಲ್ಲ ಸೇರಿ ಒಂದು ಇಂಗ್ಲಿಷ್ ಹಾಡನ್ನು ಹಾಡಬೇಕಿತ್ತು. ಅದರ ಅರ್ಥ ಯಾರಿಗೂ ತಿಳಿಯದು. ಹಾಡಿ ಹಾಡಿ ಅದರ ಪದಗಳೂ ಗುರುತು ಸಿಗದ ಹಾಗೆ ಆಗಿದ್ದವು.

ಅಲ್ಲಿ ಒಬ್ಬ ಉಪಾಧ್ಯಾಯರು ಕೆಟ್ಟ ಮಾತುಗಳಿಂದ ಬೈಯುತ್ತಿದ್ದರು. ಅವರ ಯಾವ ಪ್ರಶ್ನೆಗೂ ರವಿ ಉತ್ತರ ಕೊಡಲಿಲ್ಲ. ವರ್ಷವಿಡೀ ತರಗತಿಯ ಕೊನೆಯಲ್ಲಿ ಬಾಯಿ ಮುಚ್ಚಿ ಕೂತ. ವರ್ಷದ ಕೊನೆಗೆ ಬೇರೊಬ್ಬರು ಬಂದು ಬಂಗಾಳಿ ಪರೀಕ್ಷೆ ನಡೆಸಿದಾಗ ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ಅವನಿಗೇ! ಇದರಲ್ಲಿ ಏನೋ ಪಕ್ಷಪಾತ ನಡೆದಿದೆ ಎಂದು ಆ ಉಪಾಧ್ಯಾಯರು ದೂರಿದರು. ಮತ್ತೊಮ್ಮೆ ಪರೀಕ್ಷೆ ನಡೆಯಿತು. ಈ ಸಲ ಮೇಲಧಿಕಾರಿಯೇ ಪಕ್ಕದಲ್ಲಿ ಕೂತಿದ್ದರು. ಆಗಲೂ ರವಿಯೇ ಮೊದಲಿಗ. ನಾನು ಈ ಸಂಗತಿಯನ್ನು ಓದಿದಾಗಲೆಲ್ಲ ನನ್ನ ತರಗತಿಯಲ್ಲಿ ಮಾತಾಡದೆ ಕೂತ ಮಕ್ಕಳ ಮುಖಗಳು ಒಂದೊಂದಾಗಿ ನೆನಪಿಗೆ ಬರುತ್ತವೆ.

ರವಿ ಮನೆಯಲ್ಲಿಯೂ ಒಂದು ಶಾಲೆ ನಡೆಸುತ್ತಿದ್ದ. ಜಗಲಿಯ ಮರದ ಸರಳುಗಳೇ ಅಲ್ಲಿನ ವಿದ್ಯಾರ್ಥಿಗಳು, ಅವನೇ ಮೇಷ್ಟ್ರು. ಕೈಯಲ್ಲಿ ಬೆತ್ತ ಹಿಡಿದು ಕುರ್ಚಿಯಲ್ಲಿ ಕೂರುತ್ತಿದ್ದ. ಸರಳುಗಳಲ್ಲಿ ಒಳ್ಳೆಯವು ಯಾವುವು, ತುಂಟ ಯಾವುವು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತುಂಟ ಸರಳುಗಳಿಗೆ ಏಟೋ ಏಟು! ಪಾಠ ಹೇಳಿಕೊಡುವುದಕ್ಕೆ ಮೊದಲು ಅವನು ಕಲಿತದ್ದು ಹೊಡೆಯುವುದನ್ನು. ಕಲಿಸಿದವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

1873ರಲ್ಲಿ ರವಿಗೆ ಉಪನಯನವಾಯಿತು. ತಲೆ ಬೋಳಿಸಿದ್ದರು. ಈ ಬೋಳುತಲೆಯಲ್ಲಿ ಶಾಲೆಗೆ ಹೋದರೆ ಹುಡುಗರು ನಗುತ್ತಾರಲ್ಲ ಎಂದು ಅವನು ಚಿಂತೆಯಲ್ಲಿ ಮುಳುಗಿದ್ದಾಗ ತಂದೆ ಅವನನ್ನು ಕರೆದು, ತನ್ನ ಜೊತೆ ಹಿಮಾಲಯಕ್ಕೆ ಬರುತ್ತೀಯಾ ಎಂದು ಕೇಳಿದರು. ರವಿಗೆ ಆಕಾಶ ಮೂರೇ ಗೇಣು!

ದಾರಿಯಲ್ಲಿ ಮೊದಲು ಇಳಿದದ್ದು ಬೋಲಪುರದಲ್ಲಿ. ಅಲ್ಲಿ ದೇವೇಂದ್ರನಾಥರಿಗೆ ಸ್ವಲ್ಪ ಜಾಗವಿತ್ತು. ಆ ಸ್ಥಳದ ಹೆಸರು ಶಾಂತಿನಿಕೇತನ. ನಮ್ಮ ಗುಡ್ಡೆಗಳ ಹಾಗೆ ಅಲ್ಲಿಯೂ ಕೆಂಪು ಮುರಮಣ್ಣಿನ ನೆಲ. ಮಳೆನೀರು ಕೊರೆದು ಅಲ್ಲಲ್ಲಿ ಸಣ್ಣ ಕಣಿವೆಗಳಾಗಿವೆ. ರವಿ ಆ ಕಣಿವೆಗಳಲ್ಲಿ ಒಬ್ಬನೇ ಅಲೆದ. ಬಣ್ಣಬಣ್ಣದ ಕಲ್ಲುಗಳನ್ನು ಅಂಗಿಯ ಸೆರಗಿನಲ್ಲಿ ತುಂಬಿಕೊಂಡು ಬಂದು ತಂದೆಗೆ ತೋರಿಸಿದ. ಕಸ ತಂದೆಯೇಕೆ ಎಂದು ತಂದೆ ಗದರಲಿಲ್ಲ. ಎಷ್ಟು ಚೆನ್ನಾಗಿವೆ ಎಂದು ಮೆಚ್ಚಿ, ತಾವು ಬೆಳಗಿನ ಪ್ರಾರ್ಥನೆಗೆ ಕೂರುವ ಮಣ್ಣಿನ ದಿಬ್ಬವನ್ನು ಆ ಕಲ್ಲುಗಳಿಂದ ಅಲಂಕರಿಸಲು ಹೇಳಿದರು. ಇನ್ನೊಂದು ದಿನ ರವಿ ಒಂದು ತಿಳಿನೀರಿನ ಒರತೆಯನ್ನು ಕಂಡುಹಿಡಿದ. ಅದರಲ್ಲಿ ಪುಟ್ಟ ಪುಟ್ಟ ಮೀನುಗಳು. ಓಡಿ ಬಂದು ವರದಿ ಒಪ್ಪಿಸಿದ. ಹಾಗಾದರೆ ನಮ್ಮ ಸ್ನಾನಕ್ಕೂ ಕುಡಿಯಲೂ ಅಲ್ಲಿಂದಲೇ ನೀರು ಬರಲಿ ಎಂದರು ತಂದೆ. ಹಾಗೆಯೇ ನೀರು ಬಂತು. ಒಬ್ಬ ಹುಡುಗನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕೆ?

ಅಲ್ಲಿಂದ ಅಮೃತಸರ, ಅಲ್ಲಿಂದ ಡಾಲ್‌ಹೌಸಿಯ ಬೆಟ್ಟ. ದಾರಿಯಲ್ಲಿ ತಂದೆ ತಮ್ಮ ಬೆಲೆಬಾಳುವ ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವನ್ನು ಮಗನಿಗೆ ವಹಿಸಿದ್ದರು. ರವಿ ಎಷ್ಟು ಶ್ರದ್ಧೆಯಿಂದ ಕೀಲಿ ಕೊಟ್ಟನೆಂದರೆ ಕೊನೆಗೆ ಅದನ್ನು ರಿಪೇರಿಗೆ ಕಲ್ಕತ್ತೆಗೆ ಕಳುಹಿಸಬೇಕಾಯಿತು. ತಂದೆ ಬೈಯಲಿಲ್ಲ. ಬೆಟ್ಟದ ಮೇಲೆ ದೇವದಾರು ಮರಗಳ ಕಾಡಿನಲ್ಲಿ ರವಿ ಕಬ್ಬಿಣದ ಮೊನೆಯ ಕೋಲು ಹಿಡಿದು ಒಬ್ಬನೇ ತಿರುಗುತ್ತಿದ್ದ. ಹೋಗಬೇಡ ಎಂದು ತಂದೆ ಒಂದು ದಿನವೂ ಹೇಳಲಿಲ್ಲ. ಹಾಗೆಂದು ಪಾಠ ಬಿಟ್ಟಿತು ಎಂದುಕೊಳ್ಳಬೇಡಿ! ಸೂರ್ಯ ಹುಟ್ಟುವ ಮೊದಲೇ ಎದ್ದು ಸಂಸ್ಕೃತ ಕಲಿಯಬೇಕು. ಕೊರೆಯುವ ತಣ್ಣೀರಿನಲ್ಲಿ ಸ್ನಾನ ಮಾಡಬೇಕು. ಸಂಜೆಯಾದರೆ ತಂದೆ ಹೊರಗೆ ಕುರ್ಚಿ ಹಾಕಿಸಿ ಕೂತು ಆಕಾಶದ ನಕ್ಷತ್ರಗಳನ್ನೂ ಗ್ರಹಗಳನ್ನೂ ತೋರಿಸಿ ಅವುಗಳ ವಿಷಯ ಹೇಳುತ್ತಿದ್ದರು. ಕೇಳಿದ್ದನ್ನು ರವಿ ತನ್ನ ಮಾತಿನಲ್ಲಿ ಬರೆದಿಡುತ್ತಿದ್ದ.

ಕೆಲವು ತಿಂಗಳ ನಂತರ ಅವನು ಊರಿಗೆ ಮರಳಿದಾಗ ಮನೆಯಲ್ಲಿ ಅವನ ಬೆಲೆಯೇ ಬದಲಾಗಿತ್ತು. ಸಂಜೆ ತಾಯಿ ಮನೆಯ ತಾರಸಿಯ ಮೇಲೆ ಹೆಂಗಸರೊಡನೆ ಗಾಳಿಗೆ ಕೂರುತ್ತಿದ್ದರು. ಆ ಸಭೆಗೆ ಈಗ ರವಿಯೇ ಮುಖ್ಯ ಭಾಷಣಕಾರ! ಪ್ರವಾಸದ ಸಂಗತಿಗಳು, ಸೂರ್ಯ ಭೂಮಿಗಿಂತ ಎಷ್ಟು ಪಟ್ಟು ದೊಡ್ಡವನು ಎಂಬುದು, ಎಲ್ಲವನ್ನೂ ಅವನು ಬಣ್ಣಿಸಿದ. ತಾನು ವಾಲ್ಮೀಕಿಯ ರಾಮಾಯಣವನ್ನು ಸಂಸ್ಕೃತದಲ್ಲೇ ಓದಿದ್ದೇನೆ ಎಂದೂ ಹೇಳಿಕೊಂಡ. ತಾಯಿಗೆ ಹಿಗ್ಗೋ ಹಿಗ್ಗು. ಓದಿ ಹೇಳು ಎಂದರು. ನಿಜ ಹೇಳಬೇಕೆಂದರೆ ಅವನು ಓದಿದ್ದು ಪಾಠಪುಸ್ತಕದಲ್ಲಿದ್ದ ಸ್ವಲ್ಪ ಭಾಗ ಮಾತ್ರ, ಅದರಲ್ಲೂ ಅರ್ಧ ಮರೆತುಹೋಗಿತ್ತು. ಮರೆತ ಕಡೆ ತನಗೆ ತೋಚಿದ ಅರ್ಥ ಹೇಳಿದ. ತಾಯಿ ಅಷ್ಟಕ್ಕೆ ಬಿಡದೆ ವಿದ್ವಾಂಸನಾದ ಹಿರಿಯ ಮಗನನ್ನೂ ಕರೆಸಿದರು. ರವಿಯ ಎದೆ ಡವಡವ ಎಂದಿತು. ಹಿರಿಯಣ್ಣ ತಮ್ಮದೇ ಬರವಣಿಗೆಯ ಗುಂಗಿನಲ್ಲಿದ್ದರು. ಎರಡು ಶ್ಲೋಕ ಕೇಳಿ, ಚೆನ್ನಾಗಿದೆ ಎಂದು ಹೇಳಿ ಹೊರಟುಹೋದರು. ರವಿ ಬದುಕಿದ!

ಶಾಲೆಯಲ್ಲಿ ವರ್ಷವಿಡೀ ಬಾಯಿ ಬಿಡದ ಹುಡುಗ ತಾರಸಿಯ ಮೇಲೆ ಅಷ್ಟೊಂದು ಮಾತಾಡಿದ್ದು ಹೇಗೆ? ಅವನು ಬೆಟ್ಟವನ್ನು ಕಣ್ಣಾರೆ ಕಂಡಿದ್ದ, ಒರತೆಯನ್ನು ತಾನೇ ಹುಡುಕಿದ್ದ. ಹೇಳಲು ಅವನ ಹತ್ತಿರ ಸಂಗತಿಗಳಿದ್ದವು. ಕೇಳಲು ಎದುರಿಗೆ ಪ್ರೀತಿಯ ಮುಖಗಳಿದ್ದವು.

ಮುಂದೆ ಸಭೆಗಳು ದೊಡ್ಡದಾಗುತ್ತ ಹೋದವು. 1875ರಲ್ಲಿ, ಇನ್ನೂ ಹದಿನಾಲ್ಕು ತುಂಬದ ರವಿ, ಕಲ್ಕತ್ತೆಯ ಹಿಂದೂ ಮೇಳ ಎಂಬ ಜಾತ್ರೆಯಲ್ಲಿ ತಾನು ಬರೆದ ಕವಿತೆಯನ್ನು ಓದಿದ. ಎರಡು ವರ್ಷಗಳ ಮೇಲೆ ಅದೇ ಮೇಳದಲ್ಲಿ ಒಂದು ಮರದ ಕೆಳಗೆ ನಿಂತು ಇನ್ನೊಂದು ಕವಿತೆ ಓದಿದ. 1881ರಲ್ಲಿ, ಸುಮಾರು ಇಪ್ಪತ್ತರ ಪ್ರಾಯದಲ್ಲಿ, ವಿದ್ವಾಂಸರ ಸಭೆಯೊಂದರಲ್ಲಿ ಸಂಗೀತದ ಬಗ್ಗೆ ಪ್ರಬಂಧ ಓದಿದರು. ಮಾತಿನಿಂದ ಹೇಳಲಾಗದ್ದನ್ನು ಮಧ್ಯೆ ಮಧ್ಯೆ ಹಾಡಿ ತೋರಿಸಿದರು. ಅಧ್ಯಕ್ಷರಾಗಿದ್ದ ಹಿರಿಯರು ಬಹಳ ಮೆಚ್ಚಿಕೊಂಡರು. ಆದರೆ ಅಂದು ತಾವು ಅಷ್ಟು ಆವೇಶದಿಂದ ವಾದಿಸಿದ್ದು ಸರಿಯಲ್ಲವೆಂದು ಆಮೇಲೆ ತಮ್ಮ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡರು.

ನಮ್ಮ ಕರಾವಳಿಗೂ ಅವರು ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅಲ್ಲಿಗೆ ಬಂದ ರವೀಂದ್ರನಾಥರು ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿ ನದಿಯಲ್ಲಿ ಸಾಗಿದರು. ಪ್ರಕೃತಿಯನ್ನು ಕುರಿತ ಒಂದು ನಾಟಕವನ್ನು ಅಲ್ಲಿಯೇ ಬರೆದರು. ಕಾರವಾರದ ಕಡಲ ತೀರಕ್ಕೆ ಇಂದು ಅವರದೇ ಹೆಸರು.

ಈಗ ಮತ್ತೆ ಶಾಂತಿನಿಕೇತನಕ್ಕೆ ಹೋಗೋಣ. 1901ರ ಡಿಸೆಂಬರಿನಲ್ಲಿ ರವೀಂದ್ರನಾಥರು ತಾವು ಕಲ್ಲು ಆರಿಸಿದ್ದ ಆ ಕೆಂಪು ನೆಲದಲ್ಲಿ ಶಾಲೆ ತೆರೆದರು. ಮೊದಲಿಗೆ ಐದೇ ಮಂದಿ ಮಕ್ಕಳು. ಅವರಲ್ಲಿ ಒಬ್ಬ ಅವರ ಸ್ವಂತ ಮಗ ರಥೀಂದ್ರ. ಮರಗಳ ಕೆಳಗೆ ತರಗತಿ, ಕೂರಲು ಒಂದೊಂದು ಚಾಪೆ. ಮಳೆ ಬಂದರೆ ಪಾಠ ನಿಲ್ಲುತ್ತಿತ್ತು. ಮಾವು, ನೆಲ್ಲಿ, ಸಾಲವೃಕ್ಷಗಳ ಜೊತೆಗೆ ಅಲ್ಲಿ ಸಪ್ತಪರ್ಣಿ ಎಂಬ ಮರವಿದೆ. ಒಂದೊಂದು ಗೆಣ್ಣಿನಲ್ಲಿ ಏಳೇಳು ಎಲೆಗಳಿರುವುದರಿಂದ ಆ ಹೆಸರು. ನಿಮಗೆ ಆ ಮರ ಹೊಸದಲ್ಲ. ಆಟಿ ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಗೆ ಕಹಿ ಕಷಾಯ ಕುಡಿಸುತ್ತಾರಲ್ಲ, ಆ ಹಾಲೆ ಮರವೇ ಇದು. ತುಳುವಿನಲ್ಲಿ ಪಾಲೆ ಎನ್ನುತ್ತೇವೆ. ಹಿಂದೆ ಮಕ್ಕಳು ಬರೆಯುವ ಹಲಗೆಗಳನ್ನು ಇದರ ಮರದಿಂದ ಮಾಡುತ್ತಿದ್ದರು.

ಒಮ್ಮೆ ಬೇರೆ ಶಾಲೆಯ ಉಪಾಧ್ಯಾಯರೊಬ್ಬರು ನೋಡಲು ಬಂದರು. ಒಬ್ಬ ಹುಡುಗ ಮರ ಹತ್ತಿ ಕವಲಿನಲ್ಲಿ ಕೂತು ಓದುತ್ತಿದ್ದ. ಬಂದವರಿಗೆ ಇದು ಸರಿಕಾಣಲಿಲ್ಲ. ಕುರ್ಚಿಯಲ್ಲಿ ಕೂರಲು ಮುಂದೆ ಬೇಕಾದಷ್ಟು ವರ್ಷಗಳಿವೆ, ಮರದ ಕೊಂಬೆಯಲ್ಲಿ ಕೂರಲು ಇರುವುದು ಬಾಲ್ಯವೊಂದೇ ಎಂದು ರವೀಂದ್ರನಾಥರು ಅವರಿಗೆ ವಿವರಿಸಬೇಕಾಯಿತು.

ಸತೀಶಚಂದ್ರ ರಾಯ್ ಎಂಬ ತರುಣ ಅಲ್ಲಿ ಉಪಾಧ್ಯಾಯನಾಗಿದ್ದ. ಅವನು ಮಕ್ಕಳನ್ನು ಸಾಲವೃಕ್ಷಗಳ ನೆರಳಿಗೆ ಕರೆದೊಯ್ದು ತನಗೆ ಬಾಯಿಗೆ ಬರುತ್ತಿದ್ದ ಕವಿತೆಗಳನ್ನು ಹೇಳುತ್ತಿದ್ದ. ಮಕ್ಕಳಿಗೆ ಇದೆಲ್ಲ ಅರ್ಥವಾಗದು ಎಂದು ಅವನೆಂದೂ ಹಿಂಜರಿಯಲಿಲ್ಲ. ಜಗದಾನಂದ ರಾಯ್ ಎಂಬ ಇನ್ನೊಬ್ಬ ಉಪಾಧ್ಯಾಯರು ಗ್ರಹ ನಕ್ಷತ್ರಗಳ ಬಗ್ಗೆ, ಹುಳುಹುಪ್ಪಟೆಗಳ ಬಗ್ಗೆ ಮಕ್ಕಳಿಗಾಗಿ ಬಂಗಾಳಿಯಲ್ಲಿ ಪುಸ್ತಕಗಳನ್ನೇ ಬರೆದರು.

ನೋಡಿದ್ದನ್ನು ಹೇಳಲೂ ಅಲ್ಲಿ ಜಾಗವಿತ್ತು. ಸಾಹಿತ್ಯ ಸಭೆ ಸೇರುತ್ತಿತ್ತು. ಮಕ್ಕಳು ತಾವೇ ಬರೆದ ಕಥೆ, ಪದ್ಯಗಳನ್ನು ಎಲ್ಲರ ಮುಂದೆ ನಿಂತು ಓದುತ್ತಿದ್ದರು. ಕೈಬರಹದ ಪತ್ರಿಕೆಗಳನ್ನು ಹೊರತರುತ್ತಿದ್ದರು. ಯಾರಾದರೂ ತಪ್ಪು ಮಾಡಿದರೆ ವಿಚಾರಣೆ ನಡೆಸುವವರೂ ಮಕ್ಕಳೇ. ಅದಕ್ಕೆ ಅವರದೇ ಸಭೆಯಿತ್ತು. ಬೆತ್ತಕ್ಕೆ ಅಲ್ಲಿ ಕೆಲಸವಿರಲಿಲ್ಲ. ನಾಟಕಗಳಂತೂ ವರ್ಷವಿಡೀ. 1908ರಲ್ಲಿ ರವೀಂದ್ರನಾಥರು ಶರದೃತುವಿನ ರಜೆಯ ಸಂಭ್ರಮವನ್ನೇ ನಾಟಕವಾಗಿ ಬರೆದರು.

ಈ ಶಾಲೆ ಸುಲಭವಾಗಿ ನಡೆಯಲಿಲ್ಲ. ಖರ್ಚಿಗಾಗಿ ಅವರ ಪತ್ನಿ ಮೃಣಾಲಿನೀದೇವಿ ತಮ್ಮ ಒಡವೆಗಳನ್ನು ಕೊಟ್ಟರು. ಶಾಲೆಗೆ ಒಂದು ವರ್ಷ ತುಂಬುವ ಮುನ್ನವೇ, 1902ರ ನವೆಂಬರಿನಲ್ಲಿ, ಅವರು ತೀರಿಕೊಂಡರು. ಮರುವರ್ಷ ಮಗಳು ರೇಣುಕಾ ಹೋದಳು. 1904ರಲ್ಲಿ ತರುಣ ಸತೀಶಚಂದ್ರ ಸಿಡುಬಿಗೆ ಬಲಿಯಾದ.

ಕಿರಿಯ ಮಗ ಶಮೀಂದ್ರ ಆ ಶಾಲೆಯ ವಿದ್ಯಾರ್ಥಿ. 1907ರ ವಸಂತ ಪಂಚಮಿಯ ದಿನ ಅವನೂ ಗೆಳೆಯರೂ ಋತುಗಳ ವೇಷ ಹಾಕಿಕೊಂಡು ಒಂದು ಉತ್ಸವ ನಡೆಸಿದರು. ಶಾಂತಿನಿಕೇತನದ ಪ್ರಸಿದ್ಧ ಋತು ಉತ್ಸವಗಳು ಶುರುವಾದದ್ದು ಹೀಗೆ, ಒಬ್ಬ ಹುಡುಗನಿಂದ. ಅದೇ ವರ್ಷ ನವೆಂಬರಿನಲ್ಲಿ, ಹನ್ನೊಂದು ತುಂಬುವ ಮುನ್ನವೇ, ಶಮೀಂದ್ರ ಕಾಲರಾದಿಂದ ತೀರಿಕೊಂಡ. ಮಗನನ್ನು ಕಳೆದುಕೊಂಡು ರಾತ್ರಿ ರೈಲಿನಲ್ಲಿ ಮರಳುವಾಗ ರವೀಂದ್ರನಾಥರು ಹೊರಗೆ ನೋಡಿದರು. ಆಕಾಶದ ತುಂಬ ಬೆಳದಿಂಗಳು. ಜಗತ್ತಿನಲ್ಲಿ ಏನೂ ಕಡಿಮೆಯಾದಂತೆ ಕಾಣಲಿಲ್ಲ. ತನ್ನ ಕೆಲಸವೂ ನಿಲ್ಲಬಾರದು ಎಂದು ಅವರಿಗೆ ಅನಿಸಿತು. ಎಷ್ಟೋ ವರ್ಷಗಳ ನಂತರ ಮಗಳಿಗೆ ಬರೆದ ಕಾಗದದಲ್ಲಿ ಇದನ್ನು ನೆನೆದಿದ್ದಾರೆ.

ಮುಂದೆ 1911ರ ಸುಮಾರಿಗೆ, ಸರಕಾರಿ ನೌಕರರ ಮಕ್ಕಳು ಓದಲು ಈ ಶಾಲೆ ತಕ್ಕುದಲ್ಲ ಎಂದು ಆಗಿನ ಸರಕಾರ ಸುತ್ತೋಲೆ ಹೊರಡಿಸಿತು. ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ರವೀಂದ್ರನಾಥರು ಶಾಲೆ ಮುಚ್ಚಲಿಲ್ಲ. ಆ ದಿನಗಳಲ್ಲೇ ಅವರು ಅಂಚೆಮನೆ ಎಂಬ ಅರ್ಥದ ಹೆಸರಿನ ನಾಟಕವನ್ನು ಬರೆದರು. ಅದರಲ್ಲಿ ಅಮಲ್ ಎಂಬ ಕಾಯಿಲೆಯ ಹುಡುಗನಿದ್ದಾನೆ. ಹೊರಗೆ ಹೋಗಬಾರದೆಂದು ವೈದ್ಯರ ಅಪ್ಪಣೆ. ಅವನು ಕಿಟಕಿಯ ಬಳಿ ಕೂತು ದಾರಿಯಲ್ಲಿ ಹೋಗುವ ಮೊಸರು ಮಾರುವವನನ್ನೂ ಕಾವಲುಗಾರನನ್ನೂ ಹೂ ಕೀಳಲು ಹೊರಟ ಹುಡುಗಿಯನ್ನೂ ಕರೆದು ಮಾತಾಡಿಸುತ್ತಾನೆ. ಅಮಲ್ ಯಾರಿರಬಹುದು? ಸೀಮೆಸುಣ್ಣದ ಗೆರೆಯೊಳಗೆ ಕೂತಿದ್ದ ಹುಡುಗ ನಿಮಗೆ ನೆನಪಾಗಲಿಲ್ಲವೆ?

1913ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅದರ ಹಣವನ್ನು ಶಾಲೆಗಾಗಿ ಮೀಸಲಿಟ್ಟರು. ಅಮೆರಿಕದ ಊರೂರುಗಳಲ್ಲಿ ಭಾಷಣ ಮಾಡಿ ಅಲ್ಲಿ ಸಿಕ್ಕಿದ ಹಣವನ್ನೂ ಶಾಲೆಗೆ ತಂದರು. 1921ರಲ್ಲಿ ಅದು ಬೆಳೆದು ವಿಶ್ವಭಾರತಿಯಾಯಿತು. ಎಪ್ಪತ್ತು ದಾಟಿದ ಮೇಲೂ, 1936ರಲ್ಲಿ, ಮಕ್ಕಳ ನೃತ್ಯತಂಡವನ್ನು ಕಟ್ಟಿಕೊಂಡು ಹಣ ಕೂಡಿಸಲು ಊರೂರು ತಿರುಗುತ್ತಿದ್ದರು. ಅದನ್ನು ತಿಳಿದ ಗಾಂಧೀಜಿ ನೊಂದು, 60,000 ರೂಪಾಯಿ ಒದಗಿಸಿಕೊಟ್ಟು ಅವರನ್ನು ಊರಿಗೆ ಕಳುಹಿಸಿದರು.

1937ರಲ್ಲಿ ಅವರು ವಿಜ್ಞಾನದ ಒಂದು ಪುಸ್ತಕ ಬರೆದರು. ಅದರ ಮುನ್ನುಡಿಯಲ್ಲಿ ಡಾಲ್‌ಹೌಸಿಯ ಬೆಟ್ಟದಲ್ಲಿ ತಂದೆ ನಕ್ಷತ್ರ ತೋರಿಸಿದ ಸಂಜೆಗಳನ್ನು ನೆನೆದರು.

1941ರ ಏಪ್ರಿಲ್‌ನಲ್ಲಿ ಶಾಂತಿನಿಕೇತನದಲ್ಲಿ ಅವರ ಹುಟ್ಟುಹಬ್ಬ ನಡೆಯಿತು. ಯುದ್ಧದಲ್ಲಿ ಬೇಯುತ್ತಿದ್ದ ಜಗತ್ತಿಗೆ ಹೇಳಬೇಕಾದದ್ದನ್ನು ಅವರು ಬರೆದಿಟ್ಟಿದ್ದರು. ಆದರೆ ನಿಂತು ಓದುವ ಶಕ್ತಿ ಇರಲಿಲ್ಲ. ಅವರು ಕುಳಿತಿದ್ದಂತೆ ಕ್ಷಿತಿಮೋಹನ ಸೇನರು ಆ ಭಾಷಣವನ್ನು ಓದಿದರು. ಅದೇ ವರ್ಷ ಆಗಸ್ಟ್ 7ರಂದು, ತಾವು ಹುಟ್ಟಿದ ಜೋಡಾಸಾಂಕೊದ ಮನೆಯಲ್ಲಿಯೇ, ರವೀಂದ್ರನಾಥರು ಕಣ್ಣು ಮುಚ್ಚಿದರು. ಬಂಗಾಳದ ಪಂಚಾಂಗದಲ್ಲಿ ಅಂದು ಶ್ರಾವಣದ 22ನೆಯ ದಿನ.

1928ರಲ್ಲಿ ಅವರು ಶಾಂತಿನಿಕೇತನದಲ್ಲಿ ಗಿಡ ನೆಡುವ ಹಬ್ಬವೊಂದನ್ನು ಆರಂಭಿಸಿದ್ದರು. ಆ ದಿನಕ್ಕಾಗಿಯೇ ಬರೆದ ಕಥೆಯಲ್ಲಿ ಬಲಾಯಿ ಎಂಬ ಹುಡುಗ ಅಂಗಳದ ಬೂರುಗದ ಮರವನ್ನು ಕಡಿಯಬೇಡಿ ಎಂದು ಚಿಕ್ಕಪ್ಪನನ್ನು ಬೇಡಿಕೊಳ್ಳುತ್ತಾನೆ. ಈಗ ಆ ಹಬ್ಬವನ್ನು ಶ್ರಾವಣದ 22ರಂದು ಆಚರಿಸುತ್ತಾರೆ. ಹೂವಿನಿಂದ ಸಿಂಗರಿಸಿದ ಪಲ್ಲಕ್ಕಿ ಬರುತ್ತದೆ. ಹಿಂದೆ ಮುಂದೆ ಮಕ್ಕಳು ಹಾಡುತ್ತ, ಕುಣಿಯುತ್ತ ನಡೆಯುತ್ತಾರೆ. ಪಲ್ಲಕ್ಕಿಯೊಳಗೆ ಕೂತಿರುವುದು ದೇವರಲ್ಲ, ದೊರೆಯಲ್ಲ. ಎಲೆ ಬಿಟ್ಟ ಒಂದು ಪುಟ್ಟ ಸಸಿ.